ತಲೆಗೆ ಮೊಟ್ಟೆ, ಹೊಟ್ಟೆಗೆ ಮಡಿ

ಹೋದ ಮಾರ್ಚಿನಲ್ಲಿ ಮಹಿಳಾ ದಿನದ ಹೆಸರಿನಲ್ಲಿ ನಮ್ಮ ಹೆಬ್ಬಾಳದಲ್ಲೊಂದು ಸಭೆ ನಡೆಯಿತು. ಮೈಸೂರಿನ ಹೆಬ್ಬಾಳ ಗೊತ್ತಲ್ಲ. ಒಂದು ಕಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಇನ್ನೊಂದು ಕಡೆ ಇನ್ಫೋಸಿಸ್ಸಿನ ಗಾಜಿನ ಕಟ್ಟಡ, ಹುಲ್ಲುಹಾಸು. ನಡುವೆ ಬಡಾವಣೆ, ಅದರ ಸಂದಿಯಲ್ಲಿ ಹಳೇ ಊರು, ಊರಿಗಂಟಿಕೊಂಡಂತೆ ನಮ್ಮವರ ಬೀದಿ. ಸಭೆಗೆ ಎಲ್ಲರನ್ನೂ ಕರೆದಿದ್ದರು. ಬಡಾವಣೆಯವರು ಮುಂದಿನ ಕುರ್ಚಿಯಲ್ಲಿ, ನಮ್ಮ ಹೆಣ್ಣುಮಕ್ಕಳು ಹಿಂದಿನ ಸಾಲಿನಲ್ಲಿ. ಯಾರೂ ಹೇಳಿ ಕೂರಿಸಿದ್ದಲ್ಲ, ಅವರಾಗೇ ಹಾಗೆ ಕೂತರು. ಇದಕ್ಕೆ ಬೇರೆ ಲೇಖನವೇ ಬೇಕು.

ವೇದಿಕೆ ಮೇಲೆ ಒಬ್ಬ ಮೇಡಂ ಮಾತಾಡಿದರು. ವಿಷಯ ಅಡುಗೆಮನೆಯಲ್ಲೇ ಕೇಶ ಸಂರಕ್ಷಣೆ. ರಾಸಾಯನಿಕ ಬೇಡ, ಶಾಂಪೂ ಬೇಡ, ಎಲ್ಲ ನಿಸರ್ಗದಲ್ಲಿದೆ ಅಂದರು. ಒಂದು ಮೊಟ್ಟೆಗೆ ಎರಡು ಚಮಚ ಮೊಸರು ಬೆರೆಸಿ ಅರ್ಧ ಗಂಟೆ ತಲೆಗೆ ಹಚ್ಚಿ. ಮಾಗಿದ ಬಾಳೆಹಣ್ಣಿಗೆ ಜೇನು ಹಾಕಿ ಕಲಸಿ. ರಾತ್ರಿ ನೆನೆಸಿದ ಮೆಂತ್ಯ ರುಬ್ಬಿ. ಕೊಬ್ಬರಿ ಎಣ್ಣೆಗೆ ಕರಿಬೇವು ಹಾಕಿ ಕುದಿಸಿ. ಕೊನೆಗೆ ಮಗುವಿಗೆ ಹೇಳುವ ಹಾಗೆ ನಕ್ಕು, 'ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ, ಎಲ್ಲ ನಿಮ್ಮ ನಿಮ್ಮ ಅಡುಗೆಮನೆಯಲ್ಲೇ ಇದೆ' ಅಂದರು.

ಆಗ ಹಿಂದಿನ ಸಾಲಿಂದ ಒಬ್ಬ ಅಕ್ಕ ಎದ್ದಳು. ಬೆಳಗ್ಗೆ ಐದಕ್ಕೆ ಎದ್ದು ಬೀದಿ ಗುಡಿಸಿ, ಹಾಗೇ ಸೆರಗು ಕೊಡವಿಕೊಂಡು ಬಂದು ಕೂತಿದ್ದವಳು. 'ಅವ್ವಾ, ಅದೆಲ್ಲಾ ಯಾರ್ ಅಡುಗೆಮನೇಲಿ ಅದ?' ಅಂದಳು.

ಸಭೆ ಗೊಳ್ಳೆಂದು ನಕ್ಕಿತು. ಮೇಡಮ್ಮೂ ನಕ್ಕರು. ಅಕ್ಕನೂ ನಾಚಿಕೊಂಡು ನಕ್ಕು ಕೂತಳು. ವಂದನಾರ್ಪಣೆ ಆಯಿತು, ಬಿಸ್ಕತ್ತು ಚಾ ಆಯಿತು, ಎಲ್ಲರೂ ಮನೆಗೆ ಹೋದರು. ಆ ಪ್ರಶ್ನೆ ಮಾತ್ರ ಕುರ್ಚಿ ಮಡಿಸಿದ ಹಾಲಿನಲ್ಲಿ ಹಾಗೇ ನಿಂತಿತ್ತು. ಉತ್ತರ ಕೊಡುವುದು ನನ್ನಂಥ ಮೇಷ್ಟ್ರುಗಳ ಕೆಲಸ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಗೆಳೆಯರೇ, 'ಮನೆಯಲ್ಲೇ ಮಾಡಿಕೊಳ್ಳಿ' ಎನ್ನುವ ಮಾತು ಹೊಟ್ಟೆ ತುಂಬಿದವರಿಗೆ ಒಂದು ಹೊಸ ಷೋಕಿ. ನಮಗೆ ಅದು ಶಿಕ್ಷೆಯಾಗಿತ್ತು. ಬಾಬಾಸಾಹೇಬರು ತಮ್ಮ ಬಾಲ್ಯದ ಬಗ್ಗೆ ಬರೆದಿಟ್ಟಿದ್ದಾರೆ. ಸಾತಾರದಲ್ಲಿ ಕ್ಷೌರಿಕರಿಗೇನೂ ಬರವಿರಲಿಲ್ಲ. ಇವರ ಮನೆಯಲ್ಲಿ ಕೊಡಲು ದುಡ್ಡೂ ಇತ್ತು. ಆದರೂ ಮಕ್ಕಳ ತಲೆಗೂದಲು ಕತ್ತರಿಸುತ್ತಿದ್ದವಳು ಅಕ್ಕ. ಅಸ್ಪೃಶ್ಯನ ತಲೆ ಮುಟ್ಟಲು ಯಾವ ಕ್ಷೌರಿಕನೂ ಒಪ್ಪುತ್ತಿರಲಿಲ್ಲ, ಹಾಗಾಗಿ ಅಕ್ಕ ಆ ಕೆಲಸ ಕಲಿತಿದ್ದಳು. ಇದೂ ಮನೆಯಲ್ಲೇ ಮಾಡಿಕೊಂಡ ಕೇಶ ಸಂರಕ್ಷಣೆಯೇ, ಮೇಡಂ. ಯಾವ ಪತ್ರಿಕೆಯ ಮಹಿಳಾ ಪುಟದಲ್ಲೂ ಇದರ ವಿಧಾನ ಅಚ್ಚಾಗುವುದಿಲ್ಲ.

ಅದು ಹಳೇ ಕಾಲದ ಕತೆ ಎನ್ನುವವರು ಬಸ್ಸು ಹತ್ತಿ ನಂಜನಗೂಡು ಕಡೆ ಹೋಗಬೇಕು. 2020ರ ನವೆಂಬರಿನಲ್ಲಿ ಆ ತಾಲೂಕಿನ ಹಲ್ಲರೆಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ದಲಿತರಿಗೆ ಕ್ಷೌರ ಮಾಡಿದ ತಪ್ಪಿಗೆ ಒಬ್ಬ ಕ್ಷೌರಿಕನಿಗೆ 50,000 ರೂಪಾಯಿ ದಂಡ, ಅವನ ಮನೆಯವರಿಗೆ ಬಹಿಷ್ಕಾರ ಎಂದು ದೂರು. ಆತನೇನು ಮೇಲುಜಾತಿಯವನೇ? ಅವನೂ ನಮ್ಮ ಹಾಗೆ ಕೈಕಸುಬು ನಂಬಿದ ಬಡವ. ಕತ್ತರಿ ಅವನದು, ಆದರೆ ಯಾರ ತಲೆ ಮೇಲೆ ಆಡಬೇಕು ಎನ್ನುವ ಹುಕುಂ ಬೇರೆಯವರದು. ನಮ್ಮ ಹುಡುಗರು ಕೆಲವರು ಸಿಟ್ಟು ಬಂದಾಗ ಕ್ಷೌರಿಕರನ್ನೇ ಬೈಯುತ್ತಾರೆ. ತಪ್ಪು. 1890ರಲ್ಲಿ ಮುಂಬಯಿಯ ಕ್ಷೌರಿಕರು ಜೋತಿಬಾ ಫುಲೆಯವರ ಸತ್ಯಶೋಧಕ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆಯವರ ಜೊತೆ ಸೇರಿ, ಇನ್ನು ಮುಂದೆ ಬ್ರಾಹ್ಮಣ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿಂತವರು. ಕತ್ತರಿ ಕೆಳಗಿಟ್ಟರೆ ಪುರೋಹಿತಶಾಹಿ ಎಷ್ಟು ನಡುಗುತ್ತದೆ ಎಂದು ತೋರಿಸಿದ ಜನ ಅವರು.

ಈಗ ಎಣ್ಣೆಗೆ ಬರೋಣ.

ನನ್ನ ಅಜ್ಜಿಯ ನೆತ್ತಿಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ಬೋಳು ಇತ್ತು. ಚಿಕ್ಕವನಾಗಿದ್ದಾಗ ನಾನು ಅದರ ಮೇಲೆ ಬೆರಳಾಡಿಸುತ್ತಿದ್ದೆ, ನುಣುಪಾಗಿತ್ತು. 'ಇದೇನಜ್ಜಿ?' ಅಂದರೆ 'ಸಿಂಬೆ ತಿಂದದ್ದು ಕಣ್ ಮಗ' ಅನ್ನುತ್ತಿದ್ದಳು. ಸೌದೆ ಹೊರೆ, ಹುಲ್ಲು ಹೊರೆ, ಗೊಬ್ಬರದ ಮಂಕರಿ, ಇಟ್ಟಿಗೆ. ನಲವತ್ತು ವರ್ಷ ಅವಳ ನೆತ್ತಿ ಮೇಲೆ ಬಟ್ಟೆಯ ಸಿಂಬೆ ಕೂತಿತ್ತು. ಅಲ್ಲಿ ಕೂದಲು ಹುಟ್ಟುವುದನ್ನೇ ಬಿಟ್ಟಿತು. ಆ ಬೋಳಿಗೆ ಯಾವ ಮೆಂತ್ಯ ಅರೆದು ಹಚ್ಚಬೇಕಿತ್ತು? ಅವಳ ತಲೆಗೆ ಎಣ್ಣೆ ಬೀಳುತ್ತಿದ್ದದ್ದು ಯುಗಾದಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ. ಅದೂ ಹಳ್ಳೆಣ್ಣೆ ಅಥವಾ ಹುಚ್ಚೆಳ್ಳೆಣ್ಣೆ. ಮೊದಲು ಗಂಡಸರ ತಲೆಗೆ, ಆಮೇಲೆ ಮಕ್ಕಳಿಗೆ, ಕುಡಿಕೆಯಲ್ಲಿ ಮಿಕ್ಕ ಜಿಡ್ಡು ಅವಳಿಗೆ. ಸೀಗೆಕಾಯಿ ಇದ್ದರೆ ಸೀಗೆಕಾಯಿ, ಇಲ್ಲದಿದ್ದರೆ ಕೆರೆಯ ಜೇಡಿಮಣ್ಣು. ಅದನ್ನೇ ಈಗ ಸುಂದರ ಡಬ್ಬಿಯಲ್ಲಿ ತುಂಬಿ 'ಹೇರ್ ಪ್ಯಾಕ್' ಎಂದು ಮಾರುತ್ತಾರೆ. ನಮ್ಮಜ್ಜಿ ಹಚ್ಚಿದಾಗ ಅದು ಕೊಳಕು, ಇವರು ಹಚ್ಚಿದರೆ ನಿಸರ್ಗ!

ಹೊರೆಗಿಂತ ಕೆಟ್ಟದ್ದನ್ನೂ ಹೊತ್ತ ತಲೆಗಳಿವೆ. ತಲೆಯ ಮೇಲೆ ಮಲದ ಬುಟ್ಟಿ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಿ ಎಂದು ಆಜ್ಞೆ ಮಾಡಿಸಿದವರು ಬಿ. ಬಸವಲಿಂಗಪ್ಪ, 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದಾಗ. ಅದೇ ಬಸವಲಿಂಗಪ್ಪ 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ 'ಬೂಸಾ' ಎಂದದ್ದಕ್ಕೆ ಕುರ್ಚಿ ಕಳೆದುಕೊಂಡರು. ಆ ಗಲಾಟೆಯಲ್ಲಿ ಸಾಹಿತ್ಯದ ಮಾನದ ಬಗ್ಗೆ ಕೂಗಿದ ಎಷ್ಟು ಜನ ಆ ಬುಟ್ಟಿ ಹೊತ್ತ ತಲೆಗಳ ಬಗ್ಗೆ ಅಷ್ಟೇ ಜೋರಾಗಿ ಕೂಗಿದ್ದರು?

ಎಣ್ಣೆ ಇಲ್ಲದ, ಬಾಚಣಿಗೆ ಕಾಣದ, ವಾರಗಟ್ಟಲೆ ನೀರು ಬೀಳದ ತಲೆಗೆ ಏನಾಗುತ್ತದೆ? ಕೂದಲು ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತದೆ, ಜಡೆಗಟ್ಟುತ್ತದೆ. ಇಷ್ಟೇ ವಿಷಯ. ಶ್ರೀಮಂತರ ಮನೆಯ ಕೂಸಿಗೆ ಹೀಗಾದರೆ ತಾಯಿ ಎಣ್ಣೆ ಹಚ್ಚಿ ಬಿಡಿಸುತ್ತಾಳೆ, ಬಿಡದಿದ್ದರೆ ಕತ್ತರಿಸಿ ಎಸೆಯುತ್ತಾಳೆ. ಬೆಳಗಾವಿ, ಬಾಗಲಕೋಟೆ, ರಾಯಚೂರು, ಕೊಪ್ಪಳದ ಸೀಮೆಯಲ್ಲಿ ನಮ್ಮ ಕೇರಿಯ ಹೆಣ್ಣು ಕೂಸಿಗೆ ಜಡೆಗಟ್ಟಿದರೆ 'ಎಲ್ಲಮ್ಮ ಕರೆದಾಳ' ಅನ್ನುತ್ತಿದ್ದರು. ಕತ್ತರಿಸಿದರೆ ಮನೆಗೆ ಕೇಡು. ಅದಕ್ಕೆ ಭಂಡಾರ ಹಚ್ಚಿ ಪೂಜೆ ಮಾಡಬೇಕು. ಕೂಸು ದೊಡ್ಡದಾದ ಮೇಲೆ ಮುತ್ತು ಕಟ್ಟಬೇಕು. ಮುತ್ತು ಕಟ್ಟಿದ ಮೇಲೆ ಅವಳು ಊರ ಗೌಡನ ಪಾಲು, ಕುಲಕರ್ಣಿಯ ಪಾಲು, ಆಮೇಲೆ ಮುಂಬಯಿ ಪುಣೆಯ ಓಣಿಗಳ ಪಾಲು.

ಎಲ್ಲ ದೇವದಾಸಿಯರೂ ಜಡೆಯಿಂದಲೇ ಆದವರು ಅಂತ ನಾನು ಹೇಳುತ್ತಿಲ್ಲ. ಹರಕೆ, ಬಡತನ, ಗಂಡು ಸಂತಾನವಿಲ್ಲದ ಮನೆ, ಮೇಲಿನವರ ತೆವಲು, ಎಲ್ಲ ಸೇರಿದ ಬಲೆ ಅದು. ಆದರೆ ಆ ಬಲೆಗೆ ಜಡೆಯೂ ಒಂದು ಎಳೆ. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಆಮೇಲೂ 1993-94 ಮತ್ತು 2007-08ರಲ್ಲಿ ಸರ್ಕಾರವೇ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಲೆಕ್ಕಕ್ಕೆ ಸಿಕ್ಕ ಹೆಣ್ಣುಮಕ್ಕಳು 46 ಸಾವಿರಕ್ಕೂ ಹೆಚ್ಚು. ಒಂದು ಬಟ್ಟಲು ಎಣ್ಣೆ, ಒಂದು ಹಿಡಿ ಸೀಗೆಪುಡಿ, ಒಂದು ಕೊಡ ಬಿಸಿನೀರು, ಒಂದು ಮರದ ಬಾಚಣಿಗೆ. ಇಷ್ಟು ಇದ್ದಿದ್ದರೆ ದೇವಿ ಎಷ್ಟು ಕೂಸುಗಳನ್ನು 'ಕರೆಯುವುದು' ತಪ್ಪುತ್ತಿತ್ತೋ! ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಲ್ಕರ್ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಮನೆಮನೆಗೆ ಹೋಗಿ ಹೆಂಗಸರ ಮನವೊಲಿಸಿ ಜಡೆ ಕತ್ತರಿಸುವ ಕೆಲಸ ಮಾಡುತ್ತಾ ಬಂದಿದ್ದಾರೆ. ನನಗೆ ತಿಳಿದಂತೆ ಇದಕ್ಕಿಂತ ದೊಡ್ಡ ಕೇಶ ಸಂರಕ್ಷಣೆ ಇಲ್ಲ. ದಾಭೋಲ್ಕರರನ್ನು 2013ರಲ್ಲಿ ಗುಂಡಿಟ್ಟು ಕೊಂದರು.

ಇನ್ನು ಆ ಮೊಟ್ಟೆಯ ಮಾತು. ನನಗೆ ಅವತ್ತು ನಿಜವಾಗಿ ಉರಿ ಹತ್ತಿಸಿದ್ದು ಅದು.

ಕೂದಲು ಅಂದರೆ ಏನು? ಚರ್ಮದಿಂದ ಹೊರಗೆ ಬಂದ ಮೇಲೆ ಅದು ಜೀವವಿಲ್ಲದ ಎಳೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದಲ್ಲ, ಆ ಬೆಳವಣಿಗೆ ಆಗುವುದು ಬುಡದಲ್ಲಿ. ಬುಡಕ್ಕೆ ಅನ್ನ ಹೋಗುವುದು ರಕ್ತದಿಂದ. ಕೂದಲೇ ಪ್ರೋಟೀನು. ಆದರೆ ಹೊರಗಿಂದ ಮೊಟ್ಟೆ ಸವರಿದರೆ ಆ ಪ್ರೋಟೀನು ಬುಡಕ್ಕೆ ಇಳಿಯುವುದಿಲ್ಲ, ತೊಳೆದಾಗ ಬಚ್ಚಲಿಗೆ ಹೋಗುತ್ತದೆ. ಮೊಟ್ಟೆ ಬಾಯಿಂದ ಹೋದರೆ ಮಾತ್ರ ಬುಡ ಮುಟ್ಟುತ್ತದೆ. ಹೊಟ್ಟೆಗೆ ಸಾಲದ ಕೂಸಿನ ಕೂದಲು ಕಪ್ಪು ಬಿಟ್ಟು ಕೆಂಚಾಗುತ್ತದೆ, ತೆಳ್ಳಗಾಗುತ್ತದೆ, ಎಳೆದರೆ ಕೈಗೆ ಬರುತ್ತದೆ. ನಮ್ಮ ಶಾಲೆಗಳಲ್ಲಿ ಅಂಥ ಮಕ್ಕಳನ್ನು 'ಕೆಂಚ' ಅಂತ ಕರೆದು ನಕ್ಕವರಲ್ಲಿ ಮೇಷ್ಟ್ರುಗಳೂ ಇದ್ದೇವೆ. ಅದು ಹಸಿವಿನ ಬಣ್ಣ ಸ್ವಾಮಿ. ಇದೇ ಮೈಸೂರಿನಲ್ಲಿ, ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐಯವರು ಕಡಲೆಕಾಯಿ ಹಿಟ್ಟು, ಕಡಲೆ ಹಿಟ್ಟು ಸೇರಿಸಿ ಬಡಮಕ್ಕಳಿಗೆಂದು ಪೌಷ್ಟಿಕ ಆಹಾರ ಮಾಡಿದರು. ಹಸಿವಿನ ಮದ್ದು ಯಾವುದು ಎಂದು ವಿಜ್ಞಾನಕ್ಕೆ ಗೊತ್ತಿಲ್ಲದೆ ಇರಲಿಲ್ಲ. ತಟ್ಟೆಗೆ ಬಡಿಸಲು ಮನಸ್ಸಿರಲಿಲ್ಲ, ಅಷ್ಟೇ.

2021ರ ಡಿಸೆಂಬರಿನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಏನಾಯಿತು, ನೆನಪಿದೆಯೇ? ಕೆಲವು ಮಠಾಧೀಶರು ಎದ್ದು ನಿಂತರು. ಮೊಟ್ಟೆಯಿಂದ ಮಕ್ಕಳಲ್ಲಿ ಭೇದ ಹುಟ್ಟುತ್ತದಂತೆ! ಸಾವಿರಾರು ವರ್ಷ ಭೇದ ಉಂಡು ಬೆಳೆದ ಮಕ್ಕಳಿಗೆ ಮೊಟ್ಟೆಯಿಂದ ಹೊಸದಾಗಿ ಭೇದ! ಮೊಟ್ಟೆ ಬೇಡದವರಿಗೆ ಬಾಳೆಹಣ್ಣು ಇಟ್ಟಿದ್ದರೂ ಇವರಿಗೆ ಸಮಾಧಾನವಿಲ್ಲ. ಆ ದಿನಗಳಲ್ಲೇ ಇವರ ಭಕ್ತರ ಮನೆಗೆ ಬರುವ ಬಣ್ಣದ ಪತ್ರಿಕೆಗಳಲ್ಲಿ 'ಹೊಳೆಯುವ ಕೂದಲಿಗೆ ಮೊಟ್ಟೆ' ಎಂದು ಅಚ್ಚಾಗುತ್ತಿತ್ತು. ಅದಕ್ಕೆ ಯಾವ ಸ್ವಾಮಿಯೂ ಉಪವಾಸ ಕೂರಲಿಲ್ಲ. ತಲೆಗೆ ಹಚ್ಚಿದರೆ ಮೊಟ್ಟೆ ಸೌಂದರ್ಯ ಸಾಧನ, ಬಡವನ ಕೂಸಿನ ಹೊಟ್ಟೆಗೆ ಹೋದರೆ ಮೈಲಿಗೆ! 2022ರಲ್ಲಿ ಮೊಟ್ಟೆ ರಾಜ್ಯಕ್ಕೆಲ್ಲ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಹಣ ಸೇರಿ ವಾರಕ್ಕೆ ಆರು ದಿನ ಎಂದಾಯಿತು. ಮಕ್ಕಳು ಸಿಪ್ಪೆ ಸುಲಿದು ತಿನ್ನುವುದನ್ನು ನೋಡಬೇಕು. ಕೆಲವರು ಹಳದಿಯನ್ನು ಕೊನೆಗೆ ಅಂತ ಉಳಿಸಿಕೊಳ್ಳುತ್ತಾರೆ.

ನಮ್ಮ ಹೆಣ್ಣುಮಕ್ಕಳ ಕೂದಲು ಉದುರುವುದಕ್ಕೂ ಇದೇ ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಮೈಯಲ್ಲಿ ಕಬ್ಬಿಣ ಇಳಿದರೆ ಕೂದಲು ಉದುರಲು ಅದೂ ಒಂದು ಕಾರಣ. ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬರುವ ಹುಡುಗಿ 'ಸಾರ್, ಬಾಚಿದ್ರೆ ಹಿಡಿ ಹಿಡಿ ಬತ್ತದ' ಅಂತ ಹೇಳಿದರೆ ಅವಳಿಗೆ ಈರುಳ್ಳಿ ರಸದ ವಿಧಾನ ಹೇಳಬಾರದು. ಬೆಳಗ್ಗೆ ಏನು ತಿಂದು ಹೋದೆ ಅಂತ ಕೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಮಾತ್ರೆ ಕೇಳಿ ಪಡೆ ಅನ್ನಬೇಕು. ಆ ಉದುರಿದ ಕೂದಲನ್ನೂ ಬಿಡುವುದಿಲ್ಲ ಈ ಲೋಕ. ಬೀದಿಗೆ ಬಂದು ಪಾತ್ರೆ ಕೊಟ್ಟು ಕೂದಲು ಕೊಳ್ಳುವವರನ್ನು ನೋಡಿದ್ದೀರಲ್ಲ. ಅದು ಕೈಯಿಂದ ಕೈಗೆ ದಾಟುತ್ತಾ ಕೊಪ್ಪಳದ ಭಾಗ್ಯನಗರದಂಥ ಊರುಗಳಲ್ಲಿ ಬಿಡಿಸಿ ಹಸನಾಗಿ ಹೊರದೇಶಕ್ಕೆ ಹೋಗುತ್ತದೆ. ಬಡವಿಯ ರಕ್ತಹೀನತೆಗೂ ಒಂದು ಮಾರುಕಟ್ಟೆ ಇದೆ.

ಸೀಗೆಕಾಯಿಯ ಹಿಂದಿನ ಕೈ ಯಾರದು? ಸೀಗೆಯ ಮೈತುಂಬ ಮುಳ್ಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬರು ಆ ಮುಳ್ಳಿಗೆ ಮೈ ಕೊಟ್ಟು ಬಿಡಿಸಿ ತಂದದ್ದು ಲ್ಯಾಂಪ್ಸ್ ಸೊಸೈಟಿಗೆ ಬಂದು ಪೇಟೆ ಸೇರುತ್ತಿತ್ತು. ಅಂಟುವಾಳ, ನೆಲ್ಲಿ, ಜೇನು ಎಲ್ಲ ಹಾಗೆಯೇ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಇವನ್ನು ಆಯಬಾರದು ಎಂದು ತಡೆದರು. ಕಾಡು ಉಳಿಸಿಕೊಂಡು ಬಂದವನೇ ಕಾಡಿನ ಕಳ್ಳನಾದ. ಅವರು ಹೋರಾಡಿದರು. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು 2011ರಲ್ಲಿ ಬೆಟ್ಟದ 25 ಗ್ರಾಮಸಭೆಗಳು ಸಾಮುದಾಯಿಕ ಹಕ್ಕುಪತ್ರ ಪಡೆದವು. ಅದೇ ವರ್ಷ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಎಂದೂ ಸಾರಿದರು, ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿಯುವ ಹಾಗೆ. 'ನಿಸರ್ಗ' ಎಂದು ಬಾಯಿ ತುಂಬ ಹೇಳುವ ಸಭೆಗಳಲ್ಲಿ ಸೋಲಿಗ ಎಂಬ ಹೆಸರು ಒಂದು ಸಲವೂ ಕೇಳಿಬರುವುದಿಲ್ಲ.

ಜ್ಞಾನಕ್ಕೂ ಇದೇ ಗತಿ. ಅಮೆರಿಕದವರು 1995ರಲ್ಲಿ ಅರಿಸಿನ ಗಾಯ ಮಾಯಿಸುತ್ತದೆ ಎಂದು ಪೇಟೆಂಟು ಮಾಡಿಕೊಂಡಾಗ ದೆಹಲಿಯ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಒಳ್ಳೇ ಕೆಲಸ, ನಾನು ಚಪ್ಪಾಳೆ ಹೊಡೆಯುತ್ತೇನೆ. ಆಮೇಲೆ ಇಂಥ ತಿಳಿವಳಿಕೆಯನ್ನೆಲ್ಲ ದಾಖಲಿಸುವ ದೊಡ್ಡ ಭಂಡಾರ ಕಟ್ಟಿದರು. ಯಾವುದರಿಂದ ದಾಖಲಿಸಿದರು? ಆಯುರ್ವೇದ, ಯುನಾನಿ, ಸಿದ್ಧ ವೈದ್ಯದ ಗ್ರಂಥಗಳಿಂದ. ಗ್ರಂಥ ಓದಬಾರದು ಎಂದು ಕಿವಿಗೆ ಸೀಸ ಕಾಯಿಸಲು ಹೇಳಿದ ದೇಶದಲ್ಲಿ, ಗ್ರಂಥದಲ್ಲಿದ್ದರಷ್ಟೇ ಜ್ಞಾನ! ಗದ್ದೆ ಬದುವಿನ ಗರುಗದ ಸೊಪ್ಪನ್ನು ಎಣ್ಣೆಗೆ ಹಾಕಿ ಕಾಯಿಸುವುದು ನಮ್ಮ ಅಜ್ಜಿಗೂ ಗೊತ್ತಿತ್ತು. ಅದು ಭೃಂಗರಾಜ ಎಂದಾದಾಗ ಬೆಲೆ ಬಂತು. ಬೇಲಿಯ ಸೊಪ್ಪು ಒಣಗಿಸಿ ಮಾಡುತ್ತಿದ್ದ ಚಿಗರೆಪುಡಿ ಸಂತೆಯಲ್ಲಿ ಸೇರಿನ ಲೆಕ್ಕದಲ್ಲಿತ್ತು, ಈಗ ಗ್ರಾಂ ಲೆಕ್ಕದಲ್ಲಿದೆ.

ಇಷ್ಟು ಬೈದ ಮೇಲೆ ನಮ್ಮ ಕಡೆಗೂ ನಾಲ್ಕು ಮಾತು ಹೇಳಬೇಕು. ಅಜ್ಜಿ ಮಾಡಿದ್ದೆಲ್ಲ ಸರಿ ಎನ್ನುವ ರೋಗ ಈಗ ನಮ್ಮ ಹುಡುಗರಿಗೂ ಹತ್ತುತ್ತಿದೆ. ಅಜ್ಜಿಯರು ಹೇನಿಗೆ ಸೀಮೆಎಣ್ಣೆ ಸುರಿದದ್ದೂ ಉಂಟು, ಒಲೆ ಮುಂದೆ ಕೂತ ಕೂಸಿಗೆ ಬೆಂಕಿ ಹತ್ತುವ ಹಾಗೆ. ಹೊಲಕ್ಕೆ ಹೊಡೆಯುವ ಪುಡಿ ತಲೆಗೆ ಹಾಕಿದ್ದೂ ಉಂಟು. ಇವೆಲ್ಲ ಮದ್ದಲ್ಲ, ವಿಷ. ಹೇನಿಗೆ ಮೊದಲ ಮದ್ದು ಸಣ್ಣ ಹಲ್ಲಿನ ಬಾಚಣಿಗೆ. ಒದ್ದೆ ಕೂದಲಿಗೆ ಎಣ್ಣೆ ಹಚ್ಚಿ, ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ಮೂರು ವಾರ ಬಿಡದೆ ಹಣಿಯಬೇಕು. ಮನೆಯವರೆಲ್ಲ ಒಟ್ಟಿಗೆ ಮಾಡಬೇಕು. ಸಾಲದಿದ್ದರೆ ಆಸ್ಪತ್ರೆಯಲ್ಲಿ ಕೇಳಿ ಔಷಧಿ ಹಚ್ಚಬೇಕು. ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿ ಹೊಟ್ಟೆದ್ದಿದ್ದರೆ ಅದು ಹುಳುಕಡ್ಡಿ ಇರಬಹುದು. ನಿಂಬೆಹಣ್ಣು ಉಜ್ಜಿದರೆ ಉರಿಯುತ್ತದೆಯೇ ಹೊರತು ವಾಸಿಯಾಗುವುದಿಲ್ಲ, ಅದಕ್ಕೆ ವಾರಗಟ್ಟಲೆ ಮಾತ್ರೆ ನುಂಗಿಸಬೇಕು.

ಸೀಗೆ ನಿಜವಾಗಿಯೂ ಕೊಳೆ ತೆಗೆಯುತ್ತದೆ, ಅದರಲ್ಲಿ ನೊರೆ ಬರುವ ಅಂಶವಿದೆ. ಮೆಂತ್ಯದ ಲೋಳೆ ಕೂದಲನ್ನು ನಯ ಮಾಡುತ್ತದೆ, ಬೆಳೆಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನು ಸವೆಯುವುದನ್ನು ಕಡಿಮೆ ಮಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಇಷ್ಟರ ಮಟ್ಟಿಗೆ ಅಡುಗೆಮನೆ ಸತ್ಯ.

ಶಾಂಪೂ ಪೊಟ್ಟಣವನ್ನು ಬಂಡವಾಳಶಾಹಿಯ ಕುತಂತ್ರ ಎಂದು ಭಾಷಣ ಬಿಗಿಯುವ ಸಂಗಾತಿಗಳಿಗೂ ಒಂದು ಪ್ರಶ್ನೆ. 1980ರ ದಶಕದಲ್ಲಿ ತಮಿಳುನಾಡಿನ ಕಡಲೂರು ಕಡೆಯಿಂದ ಹರಡಿದ ಆ ಪುಟ್ಟ ಪೊಟ್ಟಣ ನಮ್ಮ ಕೇರಿಯ ಹೆಣ್ಣಿಗೆ ಏನು ಕೊಟ್ಟಿತು ಗೊತ್ತೇ? ಸೀಗೆ ಒಣಗಿಸಿ, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು, ಕಣ್ಣಿಗೆ ಬಿದ್ದು ಉರಿದು, ತೊಳೆಯಲು ನಾಲ್ಕು ಕೊಡ ನೀರು ಹೊತ್ತು ತರುವ ಅರ್ಧ ದಿನವನ್ನು ಅವಳಿಗೆ ಉಳಿಸಿಕೊಟ್ಟಿತು. ಕಂಪನಿ ಲಾಭಕ್ಕೇ ಮಾಡಿತು, ಒಪ್ಪಿದೆ. ಆದರೆ ಅಂಗಡಿಯವನು ಜಾತಿ ಕೇಳದೆ ಪೊಟ್ಟಣ ಹರಿದು ಕೊಟ್ಟ. ಭಾನುವಾರ ತಲೆ ತೊಳೆದು ಕೂದಲು ಬಿಟ್ಟುಕೊಂಡು ಬಾಗಿಲಲ್ಲಿ ನಿಂತ ನಮ್ಮ ಹುಡುಗಿಯನ್ನು ನೋಡಿ ಊರಿನವರಿಗೆ ಹೊಟ್ಟೆ ಉರಿದದ್ದು ನನಗೆ ಗೊತ್ತಿದೆ. ಸೀಗೆಯೋ ಶಾಂಪುವೋ ಅವಳು ಆರಿಸಿಕೊಳ್ಳಲಿ. ನಿಸರ್ಗದ ಹೆಸರಲ್ಲಿ ಅವಳನ್ನು ಮತ್ತೆ ಒರಳಿನ ಮುಂದೆ ಕೂರಿಸುವ ಅಧಿಕಾರ ಮೇಡಮ್ಮಿಗೂ ಇಲ್ಲ, ನಮ್ಮ ಸಂಘದ ಗಂಡಸರಿಗೂ ಇಲ್ಲ.

ನೀರಿನ ಮಾತು ಬಂದಾಗ ಕೆರೆಯೂ ನೆನಪಾಗುತ್ತದೆ. ಈ ಹೆಬ್ಬಾಳದ ಕೆರೆಗೆ ಕಾರ್ಖಾನೆಯ, ಬಡಾವಣೆಯ ಕೊಳಚೆ ಬಂದು ಸೇರಿ ನಾರುತ್ತಿತ್ತು. ಆಮೇಲೆ ಇನ್ಫೋಸಿಸ್ ಪ್ರತಿಷ್ಠಾನದ ಹಣದಲ್ಲಿ ಅದನ್ನು ಶುದ್ಧ ಮಾಡುವ ಕೆಲಸವಾಯಿತು. ಅದೂ ಒಳ್ಳೆಯದೇ, ಬಿಡಿ. ಕೆರೆಯ ತಲೆ ತೊಳೆಯಲು ದೊಡ್ಡವರ ಹಣ ಬಂತು. ನಲ್ಲಿಯಲ್ಲಿ ನೀರು ಬರದ ದಿನ ನಮ್ಮ ಬೀದಿಯ ಮಕ್ಕಳ ತಲೆ ಮಾತ್ರ ಹಾಗೇ ಶಾಲೆಗೆ ಹೋಗುತ್ತದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಅಮ್ಮಂದಿರೇ, ಕೆದರಿದ ತಲೆಯ ಕೂಸನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸಬೇಡಿ. ನನ್ನನ್ನು ಒಂದು ಶಾಲೆಯಲ್ಲಿ ಹಾಗೆ ನಿಲ್ಲಿಸಿದ್ದರು, ಐದನೇ ಕ್ಲಾಸಿನಲ್ಲಿ. ಅವತ್ತಿನ ಬಿಸಿಲು ಈಗಲೂ ನೆತ್ತಿಯಲ್ಲಿದೆ. ಮೇಜಿನ ಸೆಳೆಯಲ್ಲಿ ಬೆತ್ತದ ಜಾಗದಲ್ಲಿ ಒಂದು ಬಾಚಣಿಗೆ, ಒಂದು ಸೀಸೆ ಎಣ್ಣೆ ಇಡಿ. ಕರೆದು ಕೂರಿಸಿಕೊಂಡು, ತಲೆ ಮುಟ್ಟಿ ಬಾಚಿ. ಮುಟ್ಟಿ ಅಂದೆ. ಕೆಲವರಿಗೆ ಅದೇ ಕಷ್ಟ ಅಂತ ಗೊತ್ತಿದ್ದೇ ಹೇಳಿದ್ದು.

ಮುಂದಿನ ಮಾರ್ಚಿಗೂ ಸಭೆ ಇದೆಯಂತೆ, ನಮ್ಮವರನ್ನು ಮತ್ತೆ ಕರೆದಿದ್ದಾರೆ. ಈ ಸಲ ಅಕ್ಕಂದಿರು ಮೊದಲೇ ಹೇಳಿ ಕಳಿಸಿದ್ದಾರೆ: ಭಾಷಣ ಬೇಡ, ಬೀದಿಯ ನಲ್ಲಿಗೆ ದಿನಾ ನೀರು ಬಿಡಿಸಿ ಕೊಡಿ, ರಕ್ತ ಪರೀಕ್ಷೆ ಮಾಡುವವರನ್ನು ಕರೆಸಿ, ಕುರ್ಚಿಗಳನ್ನು ದುಂಡಗೆ ಹಾಕಿ. ಮೊಟ್ಟೆ ತರುವುದಾದರೆ ಬೇಯಿಸಿ ತನ್ನಿ, ಉಪ್ಪು ಕಾರ ನಾವು ತರ್ತೀವಿ ಅಂದಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.